ಧರೆಪ್ಪ ಮರಿ ಕೊಟ್ಟ ಮನೆಗಳು

ಧರೆಪ್ಪನ ಮನೆಯಿಂದ ನಾಯಿಮರಿ ತರುವುದೆಂದರೆ ಹೆಣ್ಣು ತರುವುದಕ್ಕಿಂತ ಕಠಿಣ ಎಂದು ರಾಯಬಾಗದ ಸುತ್ತಲಿನ ಹಳ್ಳಿಗಳಲ್ಲಿ ನಗೆಯಾಡುತ್ತಿದ್ದರು. ಸುಳ್ಳೇನಲ್ಲ. ಮರಿ ಕೇಳಲು ಬಂದವರನ್ನು ಆತ ಪಡಸಾಲೆಯಲ್ಲಿ ಕೂಡಿಸಿ, ತೋಟ ಎಷ್ಟು, ಮನೆಯಲ್ಲಿ ಹಾಲು ಉಂಟೋ ಇಲ್ಲವೋ, ಹಗಲೆಲ್ಲ ಸರಪಳಿ ಹಾಕಿ ಕಟ್ಟುವ ಮಂದಿಯೋ ಹೇಗೆ, ಎಲ್ಲ ಕೆದಕಿ ಕೆದಕಿ ವಿಚಾರಿಸುತ್ತಿದ್ದ. ಉತ್ತರ ಮನಸ್ಸಿಗೆ ಬರದಿದ್ದರೆ ಚಹಾ ಕುಡಿಸಿ ಬರಿಗೈಲಿ ಕಳಿಸುತ್ತಿದ್ದ. ಬಂದರೆ ಒಂದು ತೆಂಗಿನಕಾಯಿ, ಒಂದು ಸೇರು ಜೋಳ ತೆಗೆದುಕೊಂಡು ಮರಿ ಕೊಡುತ್ತಿದ್ದ. ರೊಕ್ಕದ ಮಾತೆತ್ತಿದವರಿಗೆ ಬಾಗಿಲು ತೋರಿಸಿದ್ದೂ ಉಂಟು. ಹೆಣ್ಣುಮರಿಯಾದರೆ ಹೆಂಡತಿ ತುಳಸವ್ವ ಅದರ ಹಣೆಗೆ ಕುಂಕುಮ ಹಚ್ಚಿ, ಒಯ್ಯುವವರ ಕೈಯಲ್ಲಿ ಒಂದು ರವಿಕೆಯ ಖಣ ಇಡುತ್ತಿದ್ದಳು.

ಅವು ಬೇಟೆ ತಳಿಯ ನಾಯಿಗಳು. ಉದ್ದ ಮೋರೆ, ಸೆಳೆದ ಹೊಟ್ಟೆ, ಕಬ್ಬಿನ ಬದುವಿನ ಮೇಲೆ ಓಡಲು ಬಿಟ್ಟರೆ ಕಣ್ಣಿಗೆ ಸಿಗುತ್ತಿರಲಿಲ್ಲ. ಮೊದಲ ನಾಯಿ ಬಿಜಲಿಯನ್ನು ಧರೆಪ್ಪನ ಅಪ್ಪ ತಂದದ್ದು. ಅಪ್ಪ ಹೋದ ಮೇಲೆ ಆ ರಕ್ತಕ್ಕೆ ಹೊರಗಿನದು ಬೆರೆಯಬಾರದೆಂದು ಧರೆಪ್ಪ ಹಟ ಹಿಡಿದ. ಬಿಜಲಿಯ ಮಗಳು ಚಿಂಗಿ ಬೆದೆಗೆ ಬಂದಾಗ, ಒಳ್ಳೊಳ್ಳೆಯ ಗಂಡುನಾಯಿಗಳಿದ್ದವರು ತಾವಾಗಿ ಕೇಳಿ ಬಂದರು. ಈತ ಒಲ್ಲೆನೆಂದು ಮಂಗಸೂಳಿಗೆ ಹೋಗಿ, ಅಲ್ಲಿದ್ದ ಬಿಜಲಿಯ ಒಡಹುಟ್ಟಿದ ಅಣ್ಣನನ್ನೇ ಟೆಂಪೋದಲ್ಲಿ ಹೇರಿಕೊಂಡು ಬಂದ. ಸೋದರಮಾವ ಇರುವಾಗ ಹೊರಗಿನ ಗಂಡು ಯಾಕೆ? ತಾನು ಲಗ್ನವಾದದ್ದೂ ಅಕ್ಕನ ಮಗಳನ್ನೇ. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೂ ತುಳಸವ್ವ ಅವನನ್ನು ‘ಮಾಮಾ’ ಎಂದೇ ಕರೆಯುತ್ತಿದ್ದಳು. ಮನುಷ್ಯರಿಗೆ ಚಲೋ ಆದದ್ದು ನಾಯಿಗೆ ಕೆಟ್ಟದ್ದು ಹೇಗಾದೀತು ಎಂದು ಧರೆಪ್ಪ ಎಲ್ಲರೆದುರು ಹೆಮ್ಮೆಯಿಂದ ಹೇಳುತ್ತಿದ್ದ.

ಚಿಂಗಿ ಏಳು ಮರಿ ಹಾಕಿತು. ಅಕ್ಕೋಳಕ್ಕೆ ಒಂದು, ಚಿಕ್ಕೋಡಿಗೆ ಎರಡು, ಅಥಣಿ ಕಡೆಗೆ ಮೂರು ಹೋದವು. ಏಳನೆಯದನ್ನು ಪಕ್ಕದ ಮನೆಯ ಜಾಫರಸಾಬ ಕೇಳಿದ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಮಾಡುವ ಬಡವ, ಮನೆಯಲ್ಲಿ ಎರಡು ಆಡು, ಒಬ್ಬಳೇ ಮಗಳು ಮಮತಾಜ. ಧರೆಪ್ಪ ಅವನನ್ನು ಏನೂ ಕೇಳಲಿಲ್ಲ. ನೀನು ಮನೆಯವನೇ, ಒಯ್ಯಿ ಎಂದ. ಮಮತಾಜ ಮರಿಗೆ ಮೋತಿ ಎಂದು ಹೆಸರಿಟ್ಟಳು.

ಒಂದು ವರ್ಷ ಕಳೆದಿರಬೇಕು. ತೊಂಬತ್ತೊಂದರ ಚಳಿಗಾಲದಲ್ಲಿ ಚಿಂಗಿ ನರಳಲು ಶುರು ಮಾಡಿತು. ಮಲಗಿದಲ್ಲಿಂದ ಏಳುವಾಗ ಕುಂಯ್ ಎನ್ನುವುದು, ಕಟ್ಟೆ ಹತ್ತಲಾರದೆ ಕೆಳಗೇ ನಿಂತು ಮುಖ ನೋಡುವುದು. ಸೊಂಟದ ಮೇಲೆ ಕೈ ಇಟ್ಟ ತುಳಸವ್ವನಿಗೇ ಹಲ್ಲು ತೋರಿಸಿತು. ಅರಿಸಿಣ ಸುಣ್ಣ ಬಳಿದರು, ಎಳ್ಳೆಣ್ಣೆ ಕಾಸಿ ತಿಕ್ಕಿದರು. ಇಳಿಯಲಿಲ್ಲ. ದನಗಳಿಗೆ ಬರೆ ಹಾಕುವ ನಾಮದೇವ ಬಂದು, ಎರಡು ಬರೆ ಎಳೆದರೆ ಎದ್ದು ಓಡುತ್ತದೆ ಎಂದ. ಧರೆಪ್ಪನೇ ಚಿಂಗಿಯ ಕೊರಳು ಹಿಡಿದು ಕೂತ. ಕುಡುಗೋಲು ಕೆಂಪಗೆ ಕಾಯಿಸಿ ನಾಮದೇವ ಸೊಂಟಕ್ಕೆ ಎಳೆದಾಗ ಅದು ಕಿರುಚಿದ್ದು ಓಣಿಗೆಲ್ಲ ಕೇಳಿತು. ಕಚ್ಚಲಿಲ್ಲ. ಬಿಟ್ಟ ಮೇಲೆ ಧರೆಪ್ಪನ ಅಂಗೈ ನೆಕ್ಕಿತು.

ಬರೆಯ ಗಾಯ ಮಾಯಿತು, ನೋವು ಹೋಗಲಿಲ್ಲ. ಆಗ ಧರೆಪ್ಪನ ತಲೆಯೊಳಗೆ ಒಂದು ಹುಳ ಹೊಕ್ಕಿತು. ತನ್ನ ತಳಿಗೆ ರೋಗ ಬರುವುದು ಸಾಧ್ಯವೇ ಇಲ್ಲ, ಅಂದಮೇಲೆ ಯಾರೋ ಹೊಡೆದಿದ್ದಾರೆ. ಚಿಂಗಿ ಆಗಾಗ ಗೋಡೆ ಹಾರಿ ಹೋಗಿ ಯಾರ ಆಡುಗಳನ್ನು ಬೆನ್ನಟ್ಟುತ್ತಿತ್ತು? ಜಾಫರಸಾಬನವು. ಮುಗಿಯಿತು. ಸೋಮವಾರದ ಸಂತೆ, ಹಣಮಂತ ದೇವರ ಗುಡಿಯ ಕಟ್ಟೆಯ ಮೇಲೆ ಅರ್ಧ ಊರು ಕೂತಿತ್ತು. ಮಗಳ ಕೈಹಿಡಿದು ಸಂತೆ ಮಾಡಿಕೊಂಡು ಬರುತ್ತಿದ್ದ ಜಾಫರಸಾಬನನ್ನು ಧರೆಪ್ಪ ಅಡ್ಡಗಟ್ಟಿ, ಕಲ್ಲು ಒಗೆದು ನನ್ನ ನಾಯಿಯ ಸೊಂಟ ಮುರಿದವನು ನೀನೇ ಎಂದು ಕೂಗಾಡಿದ. ಜಾಫರಸಾಬ ಮಾತಿಗೆ ಮಾತು ಬೆಳೆಸಲಿಲ್ಲ. ಮಮತಾಜಳ ನೆತ್ತಿಯ ಮೇಲೆ ಕೈಯಿಟ್ಟು, ಈಕೆಯ ಆಣೆ, ನಾನು ಕಲ್ಲು ಮುಟ್ಟಿಲ್ಲ ಎಂದ.

“ಆಣಿ ಮಾಡೂದು ಭಾಳ ಸಸ್ತಾ ಆಗೇತಿ ಈಗ,” ಎಂದ ಧರೆಪ್ಪ.

ಕೆಲವರು ನಕ್ಕರು. ಜಾಫರಸಾಬ ಮಗಳನ್ನು ಕರೆದುಕೊಂಡು ಹೋದ. ಅಂದಿನಿಂದ ಧರೆಪ್ಪನ ಮನೆಯ ಪಾತ್ರೆಗಳು ಕಲಾಯಿಗೆ ರಾಯಬಾಗಕ್ಕೆ ಹೋದವು. ಧರೆಪ್ಪನ ಮಾತಿಗೆ ಊರಲ್ಲಿ ತೂಕವಿತ್ತು. ಇನ್ನೂ ನಾಲ್ಕಾರು ಮನೆಯವರು ಹಾಗೇ ಮಾಡಿದರು.

ಸಂಕ್ರಾಂತಿ ಕಳೆದ ಮೇಲೆ ಚಿಂಗಿ ಅನ್ನ ಬಿಟ್ಟಿತು. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಕೌದಿ ಹಾಸಿ, ಅದನ್ನು ಮಲಗಿಸಿಕೊಂಡು ಧರೆಪ್ಪ ದನದ ಡಾಕ್ಟರರ ಬಳಿ ಹೋದ. ಸಣ್ಣ ವಯಸ್ಸಿನ ಡಾಕ್ಟರರು. ಕಾಲು ಎತ್ತಿ, ಮಡಚಿ, ಬೆನ್ನಗುಂಟ ಬೆರಳಾಡಿಸಿ ಬಹಳ ಹೊತ್ತು ನೋಡಿದರು. ಬರೆ ಕಂಡು, ಇದನ್ನು ಯಾರು ಹಾಕಿದರು ಎಂದು ಕೇಳಿದರು. ಧರೆಪ್ಪ ಗೊತ್ತಿಲ್ಲ ಎಂದ. ಪೆಟ್ಟಿನ ಗುರುತು ಒಂದೂ ಇಲ್ಲವಲ್ಲ, ಇದರ ತಾಯಿ ಹೇಗೆ ಸತ್ತಿತು ಎಂದು ಕೇಳಿದರು. ಆಗ ಬಿಜಲಿ ನೆನಪಾಯಿತು. ಕೊನೆಯ ವರ್ಷ ಅದೂ ಹಿಂಗಾಲು ಎಳೆಯುತ್ತಿತ್ತು. ಬಾವಿಯ ಮೆಟ್ಟಿಲಿಂದ ಬಿದ್ದದ್ದು ಎಂದು ಧರೆಪ್ಪ ಊರಿಗೆಲ್ಲ ಹೇಳಿದ್ದ, ಹೇಳಿ ಹೇಳಿ ತಾನೂ ನಂಬಿದ್ದ. ಗಂಡು ಎಲ್ಲಿಯದು ಎಂದು ಕೇಳಿದಾಗ ಸೋದರಮಾವನ ಕಥೆ ಹೇಳಿದ. ಡಾಕ್ಟರರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

ಖಾತ್ರಿಯಾಗಿ ಹೇಳುವುದು ಆಗದು, ಎಲುಬಿನ ಫೋಟೋ ತೆಗೆಯುವ ಯಂತ್ರ ಇಲ್ಲಿಲ್ಲ ಎಂದರು. ನೋವಿಗೆ ಗುಳಿಗೆ ಕೊಟ್ಟರು. ಆಮೇಲೆ ಮೆಲ್ಲಗೆ ಹೇಳಿದರು: “ಇದು ರಕ್ತದಾಗ ಬಂದಿರಬಹುದ್ರಿ. ಒಂದ ರಕ್ತ ಕೂಡಿದ್ರ ಹಿಂಗ ಆಗತೈತಿ ಒಮ್ಮೊಮ್ಮೆ. ಮರಿ ಒಯ್ದವ್ರಿಗೆಲ್ಲಾ ಒಂದ್ ಮಾತ ತಿಳಿಸ್ರಿ. ಅವಕ್ಕೂ ಬರಬಹುದು.”

ತಿಳಿಸುವುದೇ? ಮಂದಿಯನ್ನು ಅಷ್ಟು ಪರೀಕ್ಷೆ ಮಾಡಿ, ಕುಂಕುಮ ಹಚ್ಚಿ, ಖಣ ಇಟ್ಟು ಕೊಟ್ಟದ್ದು ರೋಗವನ್ನು ಎಂದು ಹೇಳುವುದೇ? ಅದಕ್ಕಿಂತ ದೊಡ್ಡ ಕಷ್ಟ ಮನೆಯೊಳಗಿತ್ತು. ತುಳಸವ್ವ ಹೆತ್ತ ಮೂರರಲ್ಲಿ ಎರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಅಕ್ಕನ ಮಗಳ ಎದುರು ಕೂತು ‘ಒಂದೇ ರಕ್ತ’ ಎನ್ನುವ ಮಾತು ಆಡಲು ಧರೆಪ್ಪನಿಗೆ ಬಾಯಿ ಬರಲಿಲ್ಲ. ವಾತವಂತೆ, ಗುಳಿಗೆ ಕೊಟ್ಟಿದ್ದಾರೆ ಎಂದ. ಆಕೆ ನಂಬಿದಳು. ಅಕ್ಕೋಳಕ್ಕೆ ಮರಿ ಒಯ್ದಿದ್ದ ಅಣ್ಣಾಸಾಬ ಇನ್ನೊಂದು ಮರಿಗೆ ಹೇಳಿ ಕಳಿಸಿದಾಗ, ಮುಂದಿನ ಸಲ ನೋಡೋಣ ಎಂದು ಉತ್ತರ ಕಳಿಸಿದ. ನಾಚಿಕೆಗೇಡಿ ಉತ್ತರ. ಅದು ಅವನಿಗೂ ಗೊತ್ತಿತ್ತು. ಜಾಫರಸಾಬ ಎದುರಾದರೆ ಓಣಿ ಬದಲಿಸುತ್ತಿದ್ದ. ನೋಡಿದವರು ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡರು.

ಹೀಗೆ ಎರಡು ತಿಂಗಳು. ಯುಗಾದಿ ಎಂಟು ದಿನ ಇರುವಾಗ, ಒಂದು ಸೋಮವಾರ ಮುಂಜಾನೆ, ಜಾಫರಸಾಬ ತಾನಾಗಿಯೇ ಬಂದು ಅಂಗಳದ ಹೊರಗೆ ನಿಂತ. ಎರಡೂ ಕೈಯಲ್ಲಿ ಗೋಣಿ ತಟ್ಟು, ಅದರೊಳಗೆ ಮೋತಿ. ಹಿಂಗಾಲು ಜೋತುಬಿದ್ದಿದ್ದವು. ಒಳಗೆ ಬಾ ಎಂದರೆ ಬರಲಿಲ್ಲ.

“ಧರೆಪ್ಪಣ್ಣಾ, ತಪ್ಪ ಒಪ್ಪಗೊಳ್ಳಾಕ ಬಂದೀನ್ರಿ,” ಎಂದ. “ನೀವು ಮಗಳನ್ನ ಕೊಟ್ಟಂಗ ಕೊಟ್ರಿ. ನಮಗ ಜ್ವಾಪಾನ ಮಾಡಾಕ ಆಗಲಿಲ್ಲ. ನಮ್ಮ ಹುಡುಗೀನ ಆಟಾ ಆಡತ ಬಡದಿರಬೇಕಂತ ಆಕೀಗಿ ಹೊಡದೆ. ಬಡದಿಲ್ಲಪ್ಪಾ ಅಂತ ಆಣಿ ಮಾಡಿದ್ಲು. ಆದ್ರೂ ಹೊಡದೆ. ಮತ್ತ ಕಟ್ಟೀ ಮ್ಯಾಲ ಮಾತ ಬರೂದು ಬ್ಯಾಡಂತ, ನಾನ ಬಂದೆ.”

ಧರೆಪ್ಪನ ಬಾಯಿಂದ ಆಗ ಬಂದದ್ದೇನು? “ಇರಲಿ ಬಿಡು,” ಎಂಬ ಮಾತು. ದೊಡ್ಡ ಮನಸ್ಸಿನವನ ಮಾತು! ಜಾಫರಸಾಬನ ಕಣ್ಣು ತುಂಬಿದವು. ದೇವರು ನಿಮ್ಮನ್ನು ಚೆನ್ನಾಗಿಡಲಿ ಎಂದು ಹರಸಿ ಆತ ತಿರುಗಿ ನಾಲ್ಕು ಹೆಜ್ಜೆ ನಡೆದ. ಮೋತಿ ನರಳಿತು, ಚಿಂಗಿಯ ದನಿಯಲ್ಲೇ. ಒಳಗಿನಿಂದ ಚಿಂಗಿಯೂ ನರಳಿತು. ಧರೆಪ್ಪನಿಗೆ ತನ್ನ ಮೈಯ ಮೇಲೆ ತನಗೇ ಹೇಸಿಗೆ ಬಂತು.

“ಜಾಫರಾ, ನಿಂದ್ರು,” ಎಂದ. “ನಿನ್ನ ಮಗಳು ಬಡದಿಲ್ಲ. ಇದು ನನ್ನ ಮನೀಂದನ ಬಂದದ್ದು.”

ನಿಂತಲ್ಲೇ ಎಲ್ಲ ಹೇಳಿದ. ಬಿಜಲಿಯ ಕಾಲು, ಡಾಕ್ಟರರ ಮಾತು, ರಕ್ತದ ಮಾತು, ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದು. ತುಳಸವ್ವ ಬಾಗಿಲಲ್ಲಿ ಬಂದು ನಿಂತದ್ದು ಅವನಿಗೆ ಗೊತ್ತಾದದ್ದು ಮಾತು ಮುಗಿದ ಮೇಲೆ. ಆಕೆ ಅಳಲಿಲ್ಲ, ಬೈಯಲಿಲ್ಲ.

“ನನಗ ಮೊದಲ ಹೇಳಬೇಕಿತ್ತು, ಮಾಮಾ,” ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಚಿಂಗಿಯ ಹತ್ತಿರ ಕೂತಳು.

ಧರೆಪ್ಪ ಉಳಿದ ಗುಳಿಗೆಗಳನ್ನು ಕಟ್ಟಿಕೊಂಡು ಜಾಫರಸಾಬನ ಹಿಂದೆಯೇ ಅವನ ಮನೆಗೆ ಹೋದ. ಮಮತಾಜ ಒಲೆಯ ಪಕ್ಕ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ಒಂಬತ್ತು ವರ್ಷದ ಹುಡುಗಿ, ಕೆನ್ನೆಯ ಮೇಲೆ ಇನ್ನೂ ಬೆರಳಿನ ಬಾಸುಂಡೆ. ಧರೆಪ್ಪ ನೆಲದ ಮೇಲೆ ಕೂತು, ಮೋತಿಗೆ ಆದದ್ದು ನಿನ್ನಿಂದಲ್ಲ ತಂಗೀ, ಅದು ಹುಟ್ಟುವಾಗಲೇ ತಂದ ನೋವು, ತಪ್ಪು ನನ್ನದು ಎಂದು ಬಿಡಿಸಿ ಹೇಳಿದ. ಹುಡುಗಿ ತನ್ನ ಅಪ್ಪನ ಕಡೆ ಒಮ್ಮೆ ನೋಡಿದಳು.

“ಹಂಗಾದ್ರ ಕಾಕಾ, ಚಿಂಗೀಗಿ ನಮ್ಮಪ್ಪಾನೂ ಕಲ್ಲ ಒಗದಿದ್ದಿಲ್ಲಲ್ರೀ?”

“ಇಲ್ಲವ್ವಾ. ಒಗದಿದ್ದಿಲ್ಲ.”

“ಒಗದಾನಂತ ನೀವು ಕಟ್ಟೀ ಮ್ಯಾಲ ಅಂದಿದ್ರಿ.”

ಜಾಫರಸಾಬ ಮಗಳನ್ನು ಗದರಲು ಹೋದ. ಧರೆಪ್ಪ ಬೇಡವೆಂದು ಕೈ ಮಾಡಿದ. ಇಲ್ಲಿ ಮೂರು ಮಂದಿಯ ನಡುವೆ ಹೇಳಿ ಹಗುರಾಗಿ ಮನೆಗೆ ಹೋಗುವ ಆಸೆ ತನಗಿತ್ತು ಎಂಬುದು ಅವನಿಗೆ ಆಗ ತಿಳಿಯಿತು. ಎದ್ದು ರುಮಾಲು ಸರಿಮಾಡಿಕೊಂಡು ನೆಟ್ಟಗೆ ಗುಡಿಯ ಕಡೆ ನಡೆದ.

ಸಂತೆ ಕೂಡಿತ್ತು. ಕಟ್ಟೆಯ ಮೇಲೆ ನಾಮದೇವನಿದ್ದ, ಅಂದು ನಕ್ಕವರೆಲ್ಲ ಇದ್ದರು. ಏನು ಧರೆಪ್ಪ, ಚಿಂಗಿಗೆ ಈ ವರ್ಷ ವರ ಎಲ್ಲಿಂದ ಎಂದು ಒಬ್ಬ ಚೇಷ್ಟೆ ಮಾಡಿದ. ಧರೆಪ್ಪ ಕಟ್ಟೆಯ ಎದುರು ಹೋಗಿ ನಿಂತ. ವರವಿಲ್ಲ, ಮರಿಯೂ ಇಲ್ಲ, ಇನ್ನು ನನ್ನ ಮನೆಯಿಂದ ಮರಿ ಕೊಡುವುದಿಲ್ಲ ಎಂದ. ಯಾಕೆ ಎಂದು ಹೇಳಿದ. ಬರೆ ಹಾಕಿಸಿದ್ದು ತಪ್ಪು ಎಂದ. ನಾಳೆ ಮೊದಲ ಬಸ್ಸಿಗೆ ಅಕ್ಕೋಳಕ್ಕೆ, ಅಲ್ಲಿಂದ ಚಿಕ್ಕೋಡಿಗೆ, ಆಮೇಲೆ ಅಥಣಿ ಕಡೆಗೆ ಹೋಗಿ ಆರೂ ಮನೆಗಳಿಗೆ ಹೇಳಿ ಬರುತ್ತೇನೆ ಎಂದ. ಕೊನೆಗೆ, ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದನ್ನು ಎಲ್ಲಕ್ಕಿಂತ ಸಣ್ಣ ದನಿಯಲ್ಲಿ ಹೇಳಿದ:

“ಜಾಫರಸಾಬ ಕಲ್ಲ ಒಗದಿದ್ದಿಲ್ಲ. ಸುಳ್ಳ ಆಡಿದವ ನಾನು.”

ಕಟ್ಟೆಯ ಮಂದಿ ತಲೆಯಾಡಿಸಿದರು. ಹೌದೇನಪ್ಪ, ಹಾಗಾದರೆ ಪಾಪ ಜಾಫರನದೇನೂ ತಪ್ಪಿಲ್ಲ ಬಿಡು ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಸಂತೆಯ ಮಾತಿಗೆ ತಿರುಗಿದರು. ಎಲ್ಲರೂ ನಂಬಿದರು. ಆಣೆ ಮಾಡು ಎಂದು ಧರೆಪ್ಪನನ್ನು ಯಾರೂ ಕೇಳಲಿಲ್ಲ.