ಪುರಾಣದ ಪುಸ್ತಕದಾಗ ಉಳದ ಕಾಗದ

ನನ್ನ ಬಾಯಿಂದ ಜಾರಿದ ಒಂದು ಮಾತಿನ ಸಲುವಾಗಿ ನಮ್ಮಕ್ಕ ಗುರವ್ವ ಹತ್ತು ತಿಂಗಳು ನನ್ನ ಮನಿ ಹೊಸ್ತಿಲಾ ತುಳೀಲಿಲ್ಲ. ಆ ಹತ್ತು ತಿಂಗಳದಾಗ ಶಿವನಿಗೆ ನಾ ಎಷ್ಟು ಬೇಡಿಕೊಂಡೇನಿ, ಎಷ್ಟು ಬೈದೇನಿ, ಎರಡೂ ಅವಗ ಗೊತ್ತು. ಅಂವ ಹ್ಯಾಂಗ ಕಾಯ್ದ ಅನ್ನೂದನ್ನ ನಿಮ್ಮಂಥ ಭಕ್ತರ ಮುಂದ ಹೇಳದಿದ್ರ ನನಗ ಉಂಡದ್ದು ಅರಗೂದಿಲ್ಲ, ಅದಕ್ಕ ಬರಿಯಾಕತ್ತೇನಿ. ಕಲತಾಕಿ ನಾ ನಾಕನೇತ್ತಾ ತನಕ. ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ.

ನಮ್ಮ ತವರು ತಿಕೋಟಾ. ನನಗ ಮೂರು ವರ್ಷ ಇದ್ದಾಗ ಹಡದವ್ವ ತೀರಿಕೊಂಡ್ಳು. ಗುರವ್ವಗ ಆಗ ಹತ್ತು. ನನ್ನ ಟೊಂಕದ ಮ್ಯಾಲ ಕುಂಡ್ರಿಸಿಕೊಂಡ ರೊಟ್ಟಿ ಬಡದಾಕಿ ಅಕಿ. ತಾನು ಸಾಲಿ ಮೆಟ್ಟಲಾ ಹತ್ತಲಿಲ್ಲ, ಖರೆ ನನ್ನ ದಿನಾ ಕೈ ಹಿಡದು ಒಯ್ದು ಸಾಲ್ಯಾಗ ಕುಂಡ್ರಿಸಿ ಬರತಿದ್ಲು. ಮುಂದ ಅಕಿನ್ನ ಬಬಲೇಶ್ವರಕ್ಕ ಕೊಟ್ರು, ನನ್ನ ವಿಜಾಪುರದ ಇಬ್ರಾಹಿಂಪುರಕ್ಕ. ನಮ್ಮ ಮನಿಯವ್ರು ಸ್ಟೇಷನ್ ರಸ್ತೆದಾಗ ಒಂದು ಅರಿವಿ ಅಂಗಡ್ಯಾಗ ಕೆಲಸಕ್ಕದಾರ. ನನಗ ದೇವರು ಕಸ್ತೂರಿ ಅನ್ನೂ ಮಗಳನ್ನ ಕೊಟ್ಟ. ಅಕ್ಕಗ ಮಕ್ಕಳ ಫಲಾ ಕೊಡಲಿಲ್ಲ.

೧೯೭೬ರ ನಾಗರ ಪಂಚಮಿ. ಅಕ್ಕ ಉಂಡಿ ಡಬ್ಬಿ ಹೊತ್ಕೊಂಡು ಮುಂಜಾನಿ ಬಸ್ಸಿಗೆ ಬಂದ್ಲು. ಉಂಡು ಕೈ ತೊಳಕೊಂಡಿಂದ, “ನೀಲಿ, ಕಸ್ತೂರಿನ್ನ ಒಂದ್ವರ್ಷ ನನ್ನ ಹಂತ್ಯಾಕ ಬಿಡು ಬೇ. ಅಲ್ಲೇ ಸಾಲಿಗೆ ಹಾಕ್ತೇನಿ. ಮನಿ ಭಣಭಣ ಅಂತೈತಿ” ಅಂದ್ಲು. ಕೂಸಿಗೆ ಕೆಮ್ಮ ಹತ್ತಿ ನಾ ಎರಡು ದಿನ ಕಣ್ಣ ಮುಚ್ಚಿದ್ದಿಲ್ಲ. ಅದೊಂದು ನೆವ ಅನ್ರಿ. ನನ್ನ ಸಿಟ್ಟು ಮೂಗಿನ ತುದಿ ಮ್ಯಾಲ ಇರತೈತಿ ಅಂತ ನಮ್ಮ ಓಣಿಗೆಲ್ಲಾ ಗೊತ್ತು. “ಕೂಸಿನ್ನ ಬಿಟ್ಟಿರೂ ಸಂಕಟ ಬಂಜಿಗೇನು ಗೊತ್ತು?” ಅಂದುಬಿಟ್ನಿ.

ಅಕ್ಕ ಸೆರಗು ಕೊಡವಿ ಎದ್ಲು. ಕಸ್ತೂರಿ ತಲಿ ಮ್ಯಾಲ ಕೈ ಇಟ್ಟು, ಬರಿದು ಡಬ್ಬಿ ಚೀಲಕ್ಕ ಹಾಕ್ಕೊಂಡು ನಡದ್ಲು. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಅಕಿ ತಂದ ಉಂಡಿ ಆ ದಿನ ನಾ ಮುಟ್ಟಲಿಲ್ಲ.

ಹದಿನೈದು ದಿನ ಕಳದಿಂದ ತಡಕೊಳ್ಳಾಕ ಆಗದ ಅಕಿಗೆ ಒಂದು ಕಾಗದ ಬರದ್ನಿ. ನೀಲಿ ಬಣ್ಣದ ಇನ್‌ಲ್ಯಾಂಡ್ ಕಾಗದ. ಶ್ರಾವಣ ನಡದಿತ್ತು, ನಮ್ಮ ಮನ್ಯಾಗ ದಿನಾ ಪುರಾಣ. ನಾ ಓದಾಕಿ, ನಮ್ಮ ಅತ್ತಿ ಮತ್ತ ಓಣಿ ಹೆಣ್ಣಮಕ್ಕಳು ಕೇಳಾವ್ರು. ನಮ್ಮ ಅತ್ತಿ ಮನಿತಾನದಾಗ ಒಂದು ಪದ್ಧತಿ ಐತಿ. ಲಗ್ನದ ಪತ್ರಿಕಿ ಇರಲಿ, ನೌಕರಿ ಅರ್ಜಿ ಇರಲಿ, ಮಹತ್ವದ ಕಾಗದ ಯಾವುದಾದ್ರೂ ಒಂದು ದಿನ ಪುರಾಣದ ಪುಸ್ತಕದಾಗ ಇಟ್ಟು, ಮರುದಿನ ಪೂಜಿ ಆದಿಂದ ಕಳಸೂದು. ನಾನೂ ಓದಿ ಮುಗಿಸಿದ ಹಾಳಿ ನಡುವ ಇಟ್ನಿ. “ಶಿವನ, ಇದು ಇನ್ನ ನಿನ್ನ ಕೈಯಾಗ ನೋಡಪಾ” ಅಂತ ಕೈ ಮುಗದ್ನಿ. ನಮ್ಮವರಿಗೆ ನಾಳೆ ಟಪ್ಪಾಲಿಗೆ ಹಾಕ್ರಿ ಅಂತ ಹೇಳಿದ್ನಿ. ಮರುದಿನ ಸಂಜಿಕ “ಕಾಗದ ಹಾಕಿದ್ರೇನು?” ಅಂತ ಕೇಳಿದ್ರ “ಹಾಕೇನಿ” ಅಂದ್ರು. ಅಮಾಸಿಗೆ ಪುರಾಣ ಮುಗೀತು. ಅತ್ತಿ ಪುಸ್ತಕಾನ ಕೆಂಪು ಅರಿವ್ಯಾಗ ಸುತ್ತಿ, ಮೂರು ಗಂಟು ಹಾಕಿ, ದೇವರ ಜಗಲಿ ಮ್ಯಾಲಿನ ಹಲಗಿ ಮ್ಯಾಲ ಇಟ್ಲು. ಒಮ್ಮೆ ಕಟ್ಟಿದ್ರ ಮುಂದಿನ ಶ್ರಾವಣದ ತನಕ ಅದನ್ನ ಬಿಚ್ಚೂ ಹಂಗಿಲ್ಲ.

ಕಾದ್ನಿ. ಟಪ್ಪಾಲಿನವನ ಸೈಕಲ್ ಗಂಟಿ ಕೇಳಿದ್ರ ಸಾಕು, ಹಿಟ್ಟಿನ ಕೈಲೆ ಹೊರಗ ಓಡತಿದ್ನಿ. ದೀಪಾವಳಿ ಬಂತು, ಹೋತು. ಸಂಕ್ರಾಂತಿಗೆ ಶೇಂಗಾ ಹೋಳಿಗಿ ಕಟಗೊಂಡು ಬಸ್‌ಸ್ಟ್ಯಾಂಡಿಗೆ ಹೋದ್ನಿ. ಬಬಲೇಶ್ವರ ಬಸ್ಸು ಕಣ್ಣ ಮುಂದ ನಿಂತಿತ್ತು. ‘ನಾನs ಮೊದಲ ಸೋತು ಬರದೇನಿ, ಉತ್ತರ ಕೊಡದಾಕಿ ಬಾಗಲಾ ತಗಿತಾಳೇನು?’ ಅಂತ ಹಮ್ಮು ಅಡ್ಡ ಬಂತು. ಹೋಗಿ ತಿಕೋಟಾ ಬಸ್ಸಿನ್ಯಾಗ ಕುಂತು, ಹೋಳಿಗಿ ಅಪ್ಪಗ ಕೊಟ್ಟು, ಅತ್ತು ಬಂದ್ನಿ. ಪ್ರತಿ ಸೋಮವಾರ ಒಪ್ಪತ್ತು ಹಿಡದು, “ಅಕಿ ಕಡಿಂದ ಒಂದು ಸಾಲಾದ್ರೂ ಬರಸೋ ತಂದಿ” ಅಂತ ಬೇಡತಿದ್ನಿ. ಅಂವ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮುಂದ ಕಾರಹುಣ್ಣಿಮಿ ಹತ್ರ ಬಂದಿತ್ತು. ನಮ್ಮ ಓಣಿ ಖಾಜಾಬಿ ಬಬಲೇಶ್ವರ ಸಂತಿಗೆ ಬಳಿ ಮಾರಾಕ ಹೋಗಾಕಿ. ಒಂದಿನ ಮಧ್ಯಾಹ್ನ ಬಳಿ ಬುಟ್ಟಿ ಇಳಿಸದನ ಕೇಳಿದ್ಲು, “ನೀಲವ್ವ, ನಿಮ್ಮಕ್ಕ ಇದs ಊರಾಗ ದೊಡ್ಡ ದವಾಖಾನ್ಯಾಗ ಅದಾಳಂತ, ನಿನಗ ಗೊತ್ತಿಲ್ಲೇನ ಬೇ? ಹೊಟ್ಯಾಗ ಗಡ್ಡಿ ಬೆಳದೈತಂತ. ನಾಳೆ ಮುಂಜಾನಿ ಕೊಯ್ತಾರಂತ.”

ಅಕ್ಕ ಅದs ಊರಾಗ ಬಂದು ಮಲಗ್ಯಾಳ, ನನಗ ಹೇಳಿ ಕಳಿಸಿಲ್ಲ. ಹೋದ್ರ, ನನ್ನ ಮಾರಿ ನೋಡಿ ಅಕಿ ಜೀಂವಾ ಇನ್ನಷ್ಟು ಕುದ್ದೀತು. ಹೋಗದಿದ್ರ, ನಾಳೆ ಏನರೆ ಹೆಚ್ಚು ಕಡಿಮಿ ಆದ್ರ ಈ ಜನ್ಮದಾಗ ಯಾರ ಕಾಲ ಹಿಡೀಲಿ? ಮೈ ತೊಳಕೊಂಡು ಬಂದು ಜಗಲಿ ಮುಂದ ಕುಂತ್ನಿ. ಕೈ ಮುಗದ್ನಿ, ಖರೆ ಪ್ರಾರ್ಥನಾ ಬಾಯಿಗೆ ಬರಲಿಲ್ಲ, ಸಿಟ್ಟ ಬಂತು. “ಎಲ್ಲಾ ನಿನ್ನ ಕೈಯಾಗ ಕೊಟ್ನಿ. ನಾ ಇಲ್ಲಿ ಹತ್ತು ತಿಂಗಳು ಕಣ್ಣೀರ ಹಾಕಾಕತ್ತೇನಿ, ನೀ ಕೆಂಪು ಅರಿವ್ಯಾಗ ಬೆಚ್ಚಗ ಮಲಗೀದಿ. ಏಳು! ಎದ್ದು ಮಾತಾಡು!” ಅಂತ ಹಲಗಿ ಮ್ಯಾಲಿನ ಪುಸ್ತಕಾ ಜಗ್ಗಿದ್ನಿ.

ಅತ್ತಿ ಓಡಿ ಬಂದ್ಲು. “ಯವ್ವಾ ನನ್ನವ್ವಾ, ಶ್ರಾವಣ ಬಂದಿಲ್ಲ! ಬಿಚ್ಚಬ್ಯಾಡ, ಕೇಡಾದೀತು!”

“ಇನ್ನೇನು ಕೇಡಾಗೂದೈತ್ರಿ?” ಅಂದು ಮೂರೂ ಗಂಟು ಕಿತ್ತು ಪುಸ್ತಕಾ ತಗದ್ನಿ. ಒಣಗಿದ ಬಿಲ್ಪತ್ರಿ ಉದುರಿದ್ವು. ಮರಿ ಹಾಕತೈತಿ ಅಂತ ಕಸ್ತೂರಿ ಬಚ್ಚಿಟ್ಟಿದ್ದ ನವಿಲಗರಿ ಬಂತು. ಘೋಣಸಗಿ ಬೀಗರ ಮನಿ ಹಳೇ ಲಗ್ನಪತ್ರಿಕಿ, ಅರಿಷಿಣ ಬಣ್ಣಗೆಟ್ಟಿದ್ದು. ಅತ್ತಿ ಮರತಿದ್ದ ಕೆಮ್ಮಿನ ಪುಡಿ ಪುಡಕಿ. ಅದರ ಹಿಂದ, ಎರಡು ಹಾಳಿ ನಡುವ, ಒಂದು ನೀಲಿ ಇನ್‌ಲ್ಯಾಂಡು. ಮ್ಯಾಲ ನನ್ನ ಅಕ್ಷರ. ಅಕ್ಕನ ವಿಳಾಸ.

ನಾ ಅದನ್ನ ಅತ್ತಿ ಮುಂದ ಹಿಡದ್ನಿ. ಅತ್ತಿಗೆ ಆವಾಗ ನೆನಪಾತು. “ಆವತ್ತ ನನ್ನ ಮಗಳಿಗೆ ನಿನ್ನ ಕಡಿಂದ ಬರಸಿದ ಕಾಗದ ಜಗಲಿ ಮ್ಯಾಲ ಇತ್ತಲ್ಲ. ನಿನ್ನ ಗಂಡ ಅದನ್ನ ಒಯ್ದು ಹಾಕ್ಯಾನ. ಇದು ಇಲ್ಲೇ ಉಳದೈತಿ.” ಅಷ್ಟಂದು ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ನಗು ಬಂತು, ಅದರ ಬೆನ್ನಲೇ ಅಳು ಬಂತು. ಅಕ್ಕ ಉತ್ತರಾ ಎಲ್ಲಿಂದ ಕೊಡತಾಳ್ರಿ? ಶಿವನ ಕೈಯಾಗ ಕೊಟ್ಟಿದ್ನಿ, ಅಂವ ಹಿಡಕೊಂಡು ಕುಂತಿದ್ದ.

ಟಾಂಗಾ ಮಾಡ್ಕೊಂಡು ದವಾಖಾನಿಗೆ ಹೋದ್ನಿ. ಹೆಣ್ಣಮಕ್ಕಳ ವಾರ್ಡಿನ್ಯಾಗ ಕಿಡಕಿ ಹತ್ತರ ಅಕ್ಕನ ಕಾಟು. ಒಣಗಿ ಕಡ್ಡಿ ಆಗಿದ್ಲು. ಕೂಡ ಬಂದಿದ್ದ ಅಕಿ ನೆಗೆಣ್ಣಿ, ಅಂದ್ರ ಮೈದುನನ ಹೆಣ್ತಿ, ಚಾ ತರಾಕ ಹೊರಗ ಹೋಗಿದ್ಲು. ಅಕ್ಕ ನನ್ನ ನೋಡಿದ್ಲು, ಮಾರಿ ತಿರವಲಿಲ್ಲ. ನಾ ಕಾಗದ ತೋರಿಸಿ, “ಇದು ಹೋದ ಶ್ರಾವಣದಾಗ ನಿನಗ ಬರದದ್ದು ಅಕ್ಕಾ. ಪುರಾಣದ ಪುಸ್ತಕದಾಗ ಉಳದುಬಿಟ್ಟಿತ್ತು” ಅಂದ್ನಿ.

“ಓದು” ಅಂದ್ಲು.

ಸಣ್ಣ ದನಿಲೆ ಓದಾಕ ಹತ್ತಿದ್ನಿ. “ಅಕ್ಕಗ ನೀಲಿ ಮಾಡುವ ಶರಣು. ನಿನಗ ನಾನು ಬಂಜಿ ಅಂದೆ. ಹಂಗ ಅಂದ ನಾಲಗಿಗೆ ಬರಿ ಎಳಕೊಂಡರೂ ಕಡಿಮಿ…” ಅಲ್ಲಿಗೆ ನನ್ನ ದನಿ ನಿಂತುಬಿಟ್ಟಿತು.

“ಯಾಕ ನಿಂತಿ?”

“ಅಕ್ಕಾ, ಇದು ನಿಮ್ಮನಿಗೆ ಬಂದಿದ್ರ ಯಾರು ಓದತಿದ್ರು?”

ಅಕ್ಕ ಬಾಗಲ ಕಡೆ ನೋಡಿದ್ಲು. “ನೆಗೆಣ್ಣಿ. ನಮ್ಮ ಮನ್ಯಾಗ ಓದಾಕ ಬರೂದು ಅಕಿ ಒಬ್ಬಾಕಿಗೇ. ಪಡಸಾಲ್ಯಾಗ ನಿಂತು, ಎಲ್ಲಾರಿಗೂ ಕೇಳೂವಂಗ ಓದಾಕಿ” ಅಂದ್ಲು. ಆಮ್ಯಾಲ ನನ್ನ ಕೈ ಹಿಡದ್ಲು. “ನೀ ಅಂದ ಮಾತು ನಾ ಅಲ್ಲಿ ಯಾರ ಮುಂದೂ ಬಾಯಿ ಬಿಟ್ಟಿಲ್ಲ ನೀಲಿ. ಸೀರಿ ಸಲುವಾಗಿ ಜಗಳಾತು ಅಂತ ಹೇಳೇನಿ. ಬೆನ್ನಿಗೆ ಬಿದ್ದ ತಂಗಿನs ಹಂಗ ಅಂದಾಳ ಅಂತ ಗೊತ್ತಾಗಿದ್ರ, ಅವರಿಗೂ ದಿನಾ ಅನ್ನಾಕ ಹಾದಿ ಆಗತಿತ್ತು.”

ಸಿಟ್ಟಿನ್ಯಾಗ ಅಂದಿದ್ದು ಒಮ್ಮೆ. ಪಶ್ಚಾತ್ತಾಪದಾಗ ಅದನ್ನs ಬರದು ಅಕಿ ಗಂಡನ ಮನಿ ಪಡಸಾಲಿಗೆ ಕಳಸಾಕ ಹೊಂಟಿದ್ನಿ. ಯಾರು ಓದತಾರ ಅನ್ನೂ ಖಬರs ಇರಲಿಲ್ಲ ನನಗ. ಶಿವಗ ಇತ್ತು.

“ಹತ್ತು ತಿಂಗಳು ಯಾಕ ಬರಲಿಲ್ಲ ಹುಚ್ಚಿ?” ಅಂದ್ಲು ಅಕ್ಕ.

“ನೀ ಉತ್ತರಾ ಬರೀಲಿಲ್ಲಂತ.”

“ಬರ್ಯಾಕ ನನಗ ಬರತೈತೇನ ಬೇ?” ಅಂತ ಅಕಿ ನಕ್ಕಳು. ನಾನೂ ನಕ್ನಿ. “ನಗಸಬ್ಯಾಡ ಮಾರಾಯ್ತಿ, ಹೊಟ್ಟಿ ನೋಯ್ತೈತಿ” ಅಂತ ನನ್ನ ಕಿವಿ ಹಿಂಡಿದ್ಲು.

ಮರುದಿನ ಆಪರೇಷನ್ ಆತು. ಬಾಗಲದಾಗ ಕುಂತು ನಾ ಪಂಚಾಕ್ಷರಿ ಜಪಾ ಮಾಡಿದ್ದು ಎಷ್ಟೋ, ಲೆಕ್ಕ ಇಟ್ಟಿಲ್ಲ. ಡಾಕ್ಟರು ಹೊರಗ ಬಂದು ಗಡ್ಡಿ ತಗದೇವಿ, ಅಂಜೂ ಕಾರಣ ಇಲ್ಲ ಅಂದ್ರು. ಭಕ್ತರೇ, ಬೇಡಿದ ಕೂಡಲೇ ಕೊಡಲಿಲ್ಲಂತ ಅವನ ಮ್ಯಾಲ ನಾ ಇನ್ನ ಸಿಟ್ಟಾಗೂದಿಲ್ಲ ಅಂತ ಹೇಳಿದ್ರ ಸುಳ್ಳಾಗತೈತಿ. ಆಗತೇನಿ. ಖರೆ ಅಂವ ಕೇಳಾಕತ್ತಾನ ಅನ್ನೂದ್ರಾಗ ಸಂಶೇನ ಉಳದಿಲ್ಲ ನನಗ.

ಬಿಡುಗಡಿ ದಿನ ನರ್ಸಬಾಯಿ ಕಾಗದ ತುಂಬಾಕ ಬಂದ್ಲು. ಹೆಸರು, ಊರು, ವಯಸ್ಸು ಕೇಳಿ, “ಮಕ್ಕಳೆಷ್ಟವ್ವಾ?” ಅಂದ್ಲು. ನೆಗೆಣ್ಣಿ ಬಾಗಲದಾಗs ನಿಂತಿದ್ಲು. ನಾ ನೆಲಾ ನೋಡ್ಕೋತ ಗಂಟು ಕಟ್ಟಾಕತ್ತಿದ್ನಿ.

“ಒಬ್ಬಾಕಿ” ಅಂದ್ಲು ಅಕ್ಕ, ಗಟ್ಟಿ ದನಿಲೆ. “ಅಕಾ ಅಲ್ಲಿ, ಗಂಟು ಕಟ್ಟಾಕತ್ತಾಳ ನೋಡ್ರಿ. ಬಾಯಿ ಸ್ವಲ್ಪ ಜೋರು.”

ಗಂಟು ಅಲ್ಲೇ ಬಿಟ್ಟು ಹೋಗಿ ಅಕಿ ಕಾಲ ಮ್ಯಾಲ ತಲಿ ಇಟ್ನಿ. ಶಿವಾ ಅನ್ನಾಕ ಹೋದ್ನಿ, ಅವ್ವಾ ಅಂತ ಬಂತು.