ಅಂಗಾಲು ಕಾಯುವ ಸಿಸ್ಟ್ರಮ್ಮ

ಭಾನುವಾರ. ಪಾಂಡವಪುರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೇ ಬೆಲ್ಲದ ಗೋದಾಮಿನೊಳಗೆ ಖಮರುನ್ನೀಸಾ ಪಂಪ್ ಸ್ಟೌವಿಗೆ ಗಾಳಿ ಹೊಡೆಯುತ್ತಿದ್ದಾರೆ. ಅದರ ಮೇಲಿನ ಪಾತ್ರೆಯಲ್ಲಿ ಕತ್ತರಿ, ಚಿಮುಟಗಳು ಕುದಿಯಬೇಕು. ಹೊರಗಿನ ಜಗಲಿಯಲ್ಲಿ ಆಗಲೇ ಮುದುಕ ಮುದುಕಿಯರ ಸಾಲು. ಇವರಿಗೆ ನಿದ್ದೆ ಕಡಿಮೆ, ಮಾತು ಜಾಸ್ತಿ.

“ಸಿಸ್ಟ್ರಮ್ಮ, ನಿನ್ ಸ್ಟೌವು ನನ್ ಎದೆಗಿಂತ ಜೋರಾಗಿ ಉಬ್ಬಸ ಬುಡ್ತದಲ್ಲ! ಅದ್ಕೂ ಒಂದು ಸೂಜಿ ಚುಚ್ಚು,” ಎಂದು ಬಾಗಿಲಲ್ಲೇ ಕಿಚಾಯಿಸುತ್ತಾರೆ ತಮ್ಮಯ್ಯ.

“ಅದು ಬೀಡಿ ಸೇದಲ್ಲ ಅಜ್ಜಾ. ನಿಮಗೇ ಎರಡು ಚುಚ್ತೀನಿ, ಬನ್ನಿ.”

ಖಮರುನ್ನೀಸಾ ವಾರವೆಲ್ಲ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನ ನರ್ಸು. ಮನೆ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ. ಗಂಡ ಇಮಾಮ್ ಜಟಕಾ ಓಡಿಸುತ್ತಾರೆ. ಭಾನುವಾರ ಅವರ ಮೊದಲ ಸವಾರಿ ಹೆಂಡತಿಯೇ. ಮೊದಲ ಬಸ್ಸಿಗೆ ಹತ್ತಿಸಿ, “ಸಂಜೆಯೊಳಗೆ ಬಾರವ್ವಾ, ನಾವೂ ಮುದುಕರಾಗ್ತಾ ಇದೀವಿ,” ಎಂದು ಗೊಣಗಿ ಕುದುರೆ ತಿರುಗಿಸುತ್ತಾರೆ.

ಈ ಉಚಿತ ಕ್ಲಿನಿಕ್ ಶುರುವಾದದ್ದು ತೊಂಬತ್ತಮೂರರಲ್ಲಿ, ಊರಿನ ಓದುಬಳಗದ ಗೆಳೆಯರಿಂದ. ಮೈಸೂರಿನಿಂದ ಡಾಕ್ಟರ್ ರಘುನಂದನ್ ಬರುತ್ತಾರೆ. ವಾರಕ್ಕೆ ಐವತ್ತು ಅರವತ್ತು ಮಂದಿ ರೋಗಿಗಳು, ಹೆಚ್ಚಿನವರು ಗದ್ದೆಯಲ್ಲಿ ಬೆನ್ನು ಬಗ್ಗಿಸಿ ಸವೆದವರು. ಇವರ ಬೆವರಿನಿಂದ ಸಕ್ಕರೆಯಾಯಿತು, ಅಕ್ಕಿಯಾಯಿತು, ಶಾಸಕರಾದರು, ಮಂತ್ರಿಗಳಾದರು. ಅರವತ್ತು ದಾಟಿದ ಕೂಲಿಯಾಳು ಮಾತ್ರ ಈ ನಾಡಿನ ಲೆಕ್ಕದಲ್ಲಿ ಬದುಕಿರುವುದು ಓಟಿನ ದಿನವೊಂದೇ. ಬ್ಯಾಂಡೇಜಿಗೆ ಬಟ್ಟೆ ಸಾಲದಾದಾಗ ಖಮರುನ್ನೀಸಾ ತಮ್ಮ ಹಳೇ ಹತ್ತಿ ದುಪಟ್ಟಾಗಳನ್ನೇ ಕುದಿಸಿ, ಹರಿದು ತರುತ್ತಾರೆ.

“ನಿಜ ಹೇಳ್ತೀನಿ, ನಂಗೆ ಇಲ್ಲಿಗೆ ಬರೋ ಮನಸ್ಸೇ ಇರಲಿಲ್ಲ,” ಎನ್ನುತ್ತಾರೆ. “ಹೆರಿಗೆ ವಾರ್ಡಲ್ಲಿ ಕೂಸು ಅತ್ತರೆ ಮನೆಮಂದಿಯೆಲ್ಲಾ ನಗ್ತಾರೆ, ನಮ್ಮ ಬಾಯಿಗೂ ಸಕ್ಕರೆ ಹಾಕ್ತಾರೆ. ಇಲ್ಲೇನು? ಇವತ್ತು ಮಂಡಿ, ನಾಳೆ ಸೊಂಟ. ಎರಡು ವಾರ ಬಂದು ಬಿಟ್ಬಿಡೋಣ ಅಂದ್ಕೊಂಡಿದ್ದೆ.”

ಬಿಡಲಾಗದ ಹಾಗೆ ಮಾಡಿದವರು ಚಲುವಮ್ಮ. ಹತ್ತಿರದ ಹಳ್ಳಿಯೊಂದರ ದಲಿತ ಕೇರಿಯವರು, ಕಳೆ ಕೀಳುವ ಕೂಲಿ, ಎಪ್ಪತ್ತರ ಆಸುಪಾಸು. ಸಕ್ಕರೆ ಕಾಯಿಲೆಯಿಂದ ಅಂಗಾಲಿನಲ್ಲಿ ಹುಣ್ಣಾಗಿತ್ತು. ಹೀಗೇ ಬರಿಗಾಲಲ್ಲಿ ನಡೆದರೆ ಪಾದವನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. “ಕಾಲೋದ್ರೆ ಕೂಲಿ ಓಯ್ತದೆ, ಕೂಲಿ ಓದ್ರೆ ನಾನಿದ್ದೇನು?” ಎಂದಿದ್ದರು ಚಲುವಮ್ಮ. ಖಮರುನ್ನೀಸಾ ಮೆತ್ತನೆಯ ರಬ್ಬರ್ ಅಟ್ಟೆ ಹಾಕಿಸಿದ ಚಪ್ಪಲಿ ಹೊಲಿಸಿ ಕೊಟ್ಟರು. ವಾರವಾರವೂ ಹುಣ್ಣು ತೊಳೆದು ಕಟ್ಟಿದರು. ಅದು ಮಾತ್ರ ಮಾಯಲಿಲ್ಲ.

ಒಂದು ಭಾನುವಾರ ಅನುಮಾನ ಬಂದು ಚಪ್ಪಲಿ ತಿರುಗಿಸಿ ನೋಡಿದರು. ತಳದಲ್ಲಿ ಒಂದು ಗೀರೂ ಇಲ್ಲ.

“ಇದೇನಮ್ಮ, ದೇವರ ಮುಂದೆ ಇಟ್ಟಿದ್ಯಾ ಇದನ್ನ?”

“ಮನೇಲಿ ಮೆಟ್ಕತೀನಿ ಕಣವ್ವ. ಬಸ್ಸಿಗೆ ಬರಾಕೆ ಗೌಡ್ರ ಬೀದಿ ದಾಟ್ಬೇಕಲ್ಲ, ಅಲ್ಲಿ ಮಡ್ಲಿಗೆ ಆಕ್ಕತೀನಿ. ಇಲ್ಲಿ ಬಾಗ್ಲತ್ರ ತಿರ್ಗಾ ಮೆಟ್ಕತೀನಿ.”

“ಯಾರಾದ್ರೂ ಬೈತಾರಾ?”

“ಬೈಯೋರೆಲ್ಲಾ ಸತ್ತೋದ್ರು. ಈಗ್ನೋರು ಸುಮ್ನೆ ನೋಡ್ತಾರೆ. ಬೈಯೋರು ಸತ್ರು ಅಂತ ಕಾಲ್ಗೆ ಗೊತ್ತಾಗಕ್ಕಿಲ್ವಲ್ಲವ್ವ.”

ಅಸ್ಪೃಶ್ಯತೆ ಹೋಯಿತು ಎಂದು ಭಾಷಣ ಬಿಗಿಯುವವರು ಒಮ್ಮೆ ಆ ಮಡಿಲಿನ ಗಂಟು ಬಿಚ್ಚಿ ನೋಡಬೇಕು. ಅವಮಾನವನ್ನು ಐವತ್ತು ವರ್ಷ ಮೆಟ್ಟಿಸಿದ ಬೀದಿ, ವಾಸಿಯಾಗುವ ಕಾಲನ್ನೂ ಕೊಳೆಸುತ್ತಿತ್ತು.

ಮುಂದಿನ ಭಾನುವಾರ ಖಮರುನ್ನೀಸಾ ನೇರ ಕೇರಿಗೇ ಹೋಗಿ, ಚಲುವಮ್ಮನ ಮನೆಯಲ್ಲೇ ಪಟ್ಟಿ ಕಟ್ಟಿ, ಜೊತೆಗೆ ಕರೆದುಕೊಂಡು ಹೊರಟರು. ಗೌಡರ ಬೀದಿಯ ತಲೆಯಲ್ಲಿ ಮುದುಕಿ ಬಗ್ಗಿ ಚಪ್ಪಲಿಗೆ ಕೈಹಾಕಿದರು. ಖಮರುನ್ನೀಸಾ ತಾವೂ ತಮ್ಮ ಸ್ಯಾಂಡಲ್ ಬಿಚ್ಚಿ ಕೈಯಲ್ಲಿ ಹಿಡಿದರು.

“ಅಯ್ಯೋ, ನೀನ್ಯಾಕವ್ವ? ಕಲ್ಲು ಚುಚ್ತದೆ, ಮೆಟ್ಕ!”

“ನೀನು ಮೆಟ್ಕೊಂಡ್ರೆ ನಾನೂ. ಇಲ್ಲಾಂದ್ರೆ ಇಬ್ರೂ ಹೀಗೇ ಹೋಗೋಣ.”

ಚಲುವಮ್ಮ ಬೀದಿಯ ಆ ತುದಿವರೆಗೂ ನೋಡಿದರು. ಆಮೇಲೆ ಒಂದು ಬೈಗುಳ ಗೊಣಗಿ, ಕಾಲು ತೂರಿಸಿದರು. ಜಗಲಿಗಳ ಮೇಲಿದ್ದವರು ತಿರುಗಿ ನೋಡಿದರು. ನಡುಬೀದಿಯಲ್ಲಿ ಹೊನ್ನಪ್ಪಗೌಡರು ಕೋಲು ಊರಿ ಕೂತಿದ್ದರು. ಮಂಡಿನೋವಿಗೆ ಅವರೂ ಇದೇ ಕ್ಲಿನಿಕ್ಕಿನ ಗಿರಾಕಿ. ಅವರ ಕಣ್ಣು ಚಪ್ಪಲಿಯ ಮೇಲೆ ನಿಂತಿತು. ಖಮರುನ್ನೀಸಾ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಲುವಮ್ಮನೇ ಕೂಗಿದರು:

“ಏನ್ ಗೌಡ್ರೇ, ಇಂಗೇ ನೋಡ್ಕಂಡ್ ಕುಂತ್ರೆ ಬಸ್ಸು ಓಗ್ಬುಡ್ತದೆ. ಏಳಿ ಮ್ಯಾಕೆ!”

ಗೌಡರು ತಬ್ಬಿಬ್ಬಾಗಿ, “ಬತ್ತೀನಿ ತಡಿಯಮ್ಮೀ,” ಎನ್ನುತ್ತಾ ಎದ್ದು ಹಿಂದೆಯೇ ಕುಂಟಿಕೊಂಡು ಬಂದರು.

“ಆವತ್ತು ಬಸ್ಸಲ್ಲಿ ಅವಳ ಮುಖ ನೋಡ್ಬೇಕಿತ್ತು,” ಎನ್ನುತ್ತಾರೆ ಖಮರುನ್ನೀಸಾ. “ನೂರಾರು ಹೆರಿಗೆ ಮಾಡಿಸಿದೀನಿ. ಎಪ್ಪತ್ತು ವರ್ಷದೋಳು ಹೊಸದಾಗಿ ಹುಟ್ಟಿದ್ದನ್ನ ಎಲ್ಲೂ ಕಂಡಿರಲಿಲ್ಲ.”

ಹುಣ್ಣು ಈಗ ಪೂರ್ತಿ ವಾಸಿಯಾಗಿದೆ. ಕಾಲು ಉಳಿದಿದೆ, ಕೂಲಿಯೂ. ಆದರೂ ಚಲುವಮ್ಮ ಒಂದು ಭಾನುವಾರವೂ ತಪ್ಪಿಸುವುದಿಲ್ಲ. ಇವತ್ತೂ ಬಂದು ಬೆಂಚಿನ ಮೇಲೆ ಕೂತಿದ್ದಾರೆ. ನೋವೇ ಇಲ್ಲವಲ್ಲ, ಮತ್ತೇಕೆ ಎಂದು ತಮ್ಮಯ್ಯ ಕೆಣಕಿದರೆ ನಗುತ್ತಾರೆ.

“ಆ ಬೀದೀಲಿ ಮೆಟ್ಕಂಡ್ ನಡ್ಯಾಕೆ ಒಂದು ನೆಪ ಬ್ಯಾಡ್ವಾ?”

ಡಾಕ್ಟರು ರೋಗಿಗಳ ಸಾಲು ನೋಡಿ, ವಾಸಿಯಾದವರು ಬರುವುದು ಬೇಡ ಎನ್ನುತ್ತಾರೆ. ಖಮರುನ್ನೀಸಾ ಚಲುವಮ್ಮನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಗಳನ್ನು ಒಂದೊಂದಾಗಿ ನೋಡುತ್ತಾ ಹೇಳುತ್ತಾರೆ:

“ಬರ್ಲಿ ಬಿಡಿ ಸಾರ್. ನಾನು ಬರೋದೂ ಇವಳು ನಡ್ಕೊಂಡು ಬರೋದು ನೋಡೋಕೇ.”