ಮಂತ್ರಿಯಾದ ಗೈಡು, ಮಂತ್ರಿಗಳ ಹೆಸರು

ಈ ಶತಮಾನದ ಮೊದಲ ವರ್ಷಗಳಲ್ಲಿ ಉಪ್ಸಾಲಾದಲ್ಲಿ ನನ್ನ ಪಿಎಚ್‌ಡಿಗೆ ಗೈಡ್ ಆಗಿದ್ದವರು ಸರ್ಬಿಯಾದ ಒಬ್ಬ ಇತಿಹಾಸಕಾರರು. ಮೊದಲ ದಿನ ನಾನು 'ಸರ್' ಎಂದದ್ದಕ್ಕೆ, ಸ್ವೀಡನ್ನಿನಲ್ಲಿ ರಾಜನೊಬ್ಬನನ್ನು ಬಿಟ್ಟು ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕೆಂದು ದೀರ್ಘ ಉಪದೇಶ ಮಾಡಿದರು. ಬೆಂಗಳೂರಿನ ಬಸ್ ಕಂಡಕ್ಟರಿಗೂ ಸರ್ ಎಂದ ನಾಲಿಗೆ ಪಳಗಲು ಇಡೀ ಚಳಿಗಾಲ ಹಿಡಿಯಿತು.

ಆಮೇಲೆ ಅವರಿಗೆ ಮಾತೃಭೂಮಿಯ ಕರೆ ಕೇಳಿಸಿತು. ಸಾಮ್ರಾಜ್ಯಗಳ ಪತನವನ್ನು ಪಾಠ ಮಾಡುತ್ತಿದ್ದವರು ಊರಿಗೆ ಹೋಗಿ, ಚುನಾವಣೆ ಗೆದ್ದು, ಮಂತ್ರಿಪದವಿಯನ್ನು ಅಲಂಕರಿಸಿದರು. ನನ್ನ ಪ್ರಬಂಧಕ್ಕೆ ಅವರ ಸಹಿ ಬಾಕಿಯಿತ್ತು. ಅದಿಲ್ಲದೆ ವೀಸಾ ಮುಂದುವರಿಯುವಂತಿರಲಿಲ್ಲ.

ಭಾಷಣಕ್ಕೆಂದು ಉಪ್ಸಾಲಾಕ್ಕೆ ದಯಮಾಡಿಸಿದಾಗ ಅವರನ್ನು ಕಾಫಿ ವಿರಾಮದಲ್ಲಿ ಹಿಡಿದು, ಕಲಿಸಿದಂತೆಯೇ ಹೆಸರು ಹಿಡಿದು ಕರೆದೆ.

"ಮಂತ್ರಿಗಳೇ ಅನ್ನಬೇಕು," ಎಂದರು.

"ಹೆಸರು ಹಿಡಿದು ಕರೆ ಅಂತ ನೀವೇ ಹೇಳಿಕೊಟ್ಟದ್ದಲ್ಲವೇ?"

"ಆಗ ನಾನು ಬರೀ ಮೇಷ್ಟ್ರು," ಎಂದು ಬೆನ್ನು ತಿರುಗಿಸಿದರು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಅಂದ್ಬಿಡ್ರೀ ಅತ್ಲಾಗೆ! ನಾಲಿಗೆ ಏನು ಸವೆದು ಹೋಗುತ್ತಾ? ಮಗು ಈ ಡಾಗಿಸ್ ಶಿಶುವಿಹಾರಕ್ಕೆ ಅಳದೆ ಹೋಗೋಕೆ ಶುರು ಮಾಡಿದ್ದೇ ಈಗ. ನಿಮ್ಮ ಸ್ವಾಭಿಮಾನಕ್ಕೆ ಗಂಟುಮೂಟೆ ಕಟ್ಟಬೇಕಾ?"

ಮರುದಿನ ಅವರು ತಂಗಿದ್ದ ಹೋಟೆಲಿಗೆ ಹೋಗಿ, "ಘನತೆವೆತ್ತ ಮಂತ್ರಿವರ್ಯರೇ," ಎಂದು ಸೊಂಟ ಬಾಗಿಸಿದೆ. ಪ್ರಭುಗಳು ಪ್ರಸನ್ನರಾಗಿ, ಪ್ರಬಂಧದ ಒಂದು ಹಾಳೆಯನ್ನೂ ಮಗುಚದೆ ಸಹಿ ದಯಪಾಲಿಸಿದರು.

ಪ್ರಬಂಧ ಅಚ್ಚಿಗೆ ಹೋಗುವ ಮುಂಚೆ ಕೃತಜ್ಞತೆಯ ಪುಟ ಬರೆಯಬೇಕಿತ್ತು. ಸ್ವೀಡನ್ನಿನ ಪದ್ಧತಿಗೆ ಚ್ಯುತಿ ಬಾರದಂತೆ, ಯಾವ ಬಿರುದು ಬಾವಲಿಯೂ ಇಲ್ಲದೆ ಅವರ ಬರೀ ಹೆಸರನ್ನು ಹಾಕಿಸಿದೆ, ಜೆರಾಕ್ಸ್ ಯಂತ್ರ ರಿಪೇರಿ ಮಾಡುತ್ತಿದ್ದಾತನ ಹೆಸರಿನ ಕೆಳಗೆ.